ಲಸಾನ್ಯದ ಪಾತ್ರೆ ತೊಳೆದವರು ಯಾರು?

‘ಕ್ರಿಪ್ ಕ್ಯಾಂಪ್’ ನೆಟ್‌ಫ್ಲಿಕ್ಸಿಗೆ ಬಂದದ್ದು 2020ರ ಮಾರ್ಚ್ 25ಕ್ಕೆ, ನಮ್ಮಲ್ಲಿ ಲಾಕ್‌ಡೌನ್ ಶುರುವಾದ ದಿನವೇ. ನಾನು ನೋಡಿದ್ದು ಮೇ ತಿಂಗಳಲ್ಲಿ, ಊರಿನ ಮನೆ ತಾರಸಿ ಮೇಲೆ ಕೂತು. ಸಿಗ್ನಲ್ ಸಿಗೋದು ಅಲ್ಲಿ ಮಾತ್ರ. ಬೇರೆ ವರ್ಷ ಆಗಿದ್ರೆ ಆ ಹೊತ್ತಿಗೆ ನಾನು ಹೈಸ್ಕೂಲ್ ಮೈದಾನದಲ್ಲಿ ಶಾಮಿಯಾನದ ಹಗ್ಗ ಬಿಗೀತಾ ಇರ್ತಿದ್ದೆ. ಅದಕ್ಕೆ ಮುಂಚೆ ಮೂರು ಬೇಸಿಗೆ ನಾವೊಂದಿಷ್ಟು ಗೆಳೆಯರು ಊರಲ್ಲಿ ಮಕ್ಕಳ ಶಿಬಿರ ನಡೆಸಿದ್ವಿ. ಅದಕ್ಕೇ ಈ ಸಾಕ್ಷ್ಯಚಿತ್ರವನ್ನ ನಾನು ಪ್ರೇಕ್ಷಕನ ಥರ ನೋಡ್ಲಿಲ್ಲ, ಟ್ಯಾಂಕರಿನವನಿಗೆ ಫೋನ್ ಮಾಡಿ ಮಾಡಿ ಸೋತವನ ಥರ ನೋಡ್ದೆ. ಈ ಪಕ್ಷಪಾತವನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಚಿತ್ರ ನಿರ್ದೇಶಿಸಿದವರು ನಿಕೋಲ್ ನ್ಯೂನಮ್ ಮತ್ತು ಜಿಮ್ ಲೆಬ್ರೆಕ್ಟ್. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಕ್ಯಾಂಪ್ ಜೆನೆಡ್ ಅಂತ ಒಂದು ಬೇಸಿಗೆ ಶಿಬಿರ ಇತ್ತು. 1951ರಲ್ಲಿ ಶುರುವಾದದ್ದು, ಅಂಗವಿಕಲ ಹುಡುಗ ಹುಡುಗಿಯರಿಗಾಗಿಯೇ. ಎಪ್ಪತ್ತರ ದಶಕಕ್ಕೆ ಬರುವ ಹೊತ್ತಿಗೆ ಅದನ್ನ ನಡೆಸ್ತಿದ್ದವರು ಬಹುಪಾಲು ಉದ್ದ ಕೂದಲಿನ ಹಿಪ್ಪಿಗಳು. ಲೆಬ್ರೆಕ್ಟ್ ಹುಟ್ಟಿನಿಂದಲೇ ಸ್ಪೈನಾ ಬೈಫಿಡಾ ಇದ್ದವರು, 1971ರಲ್ಲಿ ಹದಿನೈದನೇ ವಯಸ್ಸಿಗೆ ಅಲ್ಲಿಗೆ ಹೋಗಿದ್ದರು. ಆ ಬೇಸಿಗೆಯಲ್ಲಿ ವಿಡಿಯೋ ತಂಡವೊಂದು ಶಿಬಿರಕ್ಕೆ ಬಂದು ಕಪ್ಪು ಬಿಳುಪಿನಲ್ಲಿ ಚಿತ್ರೀಕರಿಸಿತ್ತು. ಹೆಚ್ಚುಕಡಿಮೆ ಐವತ್ತು ವರ್ಷದ ನಂತರ ಆ ಟೇಪುಗಳು ಸಿಕ್ಕವು. ಚಿತ್ರದ ಜೀವ ಇರೋದು ಆ ಟೇಪುಗಳಲ್ಲಿ. ಅಂದಹಾಗೆ ‘ಕ್ರಿಪ್’ ಅನ್ನೋದು ನಮ್ಮ ‘ಕುಂಟ’ ಇದ್ದಂಗೆ, ಬೈಗುಳ. ಬೈಸಿಕೊಂಡವರೇ ಅದನ್ನ ಎತ್ತಿ ಹೆಸರಾಗಿ ಇಟ್ಕೊಂಡಿದ್ದಾರೆ.

ಹುಡುಗರು ಬೇಸ್‌ಬಾಲ್ ಆಡ್ತಾರೆ, ಗಿಟಾರ್ ಬಾರಿಸ್ತಾರೆ, ಪ್ರೀತಿಸ್ತಾರೆ, ಮುತ್ತಿಡ್ತಾರೆ. ಕೂರೆ ಹತ್ತಿಕೊಂಡು ಶಿಬಿರಕ್ಕೆ ಶಿಬಿರವೇ ಔಷಧಿ ಹಚ್ಚಿಕೊಳ್ಳೋ ಪ್ರಸಂಗವೂ ಇದೆ, ಅದನ್ನ ಹಬ್ಬದ ಥರ ನಕ್ಕೊಂಡು ಹೇಳ್ತಾರೆ. ಇವೆಲ್ಲ ಚೆನ್ನಾಗಿವೆ. ಆದ್ರೆ ನಾನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದ್ದು ಅಡುಗೆಯ ದೃಶ್ಯ. ಅಡುಗೆಯವರಿಗೆ ರಜೆ. ಆವತ್ತು ಊಟಕ್ಕೆ ಏನು ಮಾಡೋದು? ಜೂಡಿ ಹ್ಯೂಮನ್ ಅನ್ನೋ ಹುಡುಗಿ, ಪೋಲಿಯೋ ಆಗಿ ವೀಲ್‌ಚೇರಿನಲ್ಲಿರೋಳು, ಆಗ ಅಲ್ಲಿ ಕೌನ್ಸೆಲರ್, ಒಬ್ಬೊಬ್ಬರನ್ನೇ ಕೇಳ್ತಾ ಹೋಗ್ತಾಳೆ: ಲಸಾನ್ಯ ಮಾಡೋಣವಾ, ಬೇಡವಾ? ಮಾತು ತಡವರಿಸೋರು ಇದ್ದಾರೆ, ಕಾಯ್ತಾಳೆ. ಯಾರನ್ನೂ ಹಾರಿಸಿ ಮುಂದಕ್ಕೆ ಹೋಗಲ್ಲ.

ನಮ್ಮ ಶಿಬಿರದಲ್ಲಿ ಇಂಥದ್ದು ಸಾಧ್ಯವೇ ಇರ್ಲಿಲ್ಲ. ಊಟದ ಪಟ್ಟಿ ನಾನು ಬೆಂಗಳೂರಲ್ಲೇ ಎಕ್ಸೆಲ್ ಶೀಟಿನಲ್ಲಿ ಹಾಕ್ಕೊಂಡು ಬರ್ತಿದ್ದೆ. ಸೋಮವಾರ ಉಪ್ಪಿಟ್ಟು, ಮಂಗಳವಾರ ಚಿತ್ರಾನ್ನ. ಎಂಬತ್ತು ಮಕ್ಕಳು, ಹನ್ನೊಂದು ಜನ ಸ್ವಯಂಸೇವಕರು. ಅದರಲ್ಲಿ ಆರು ಜನ ಶುಕ್ರವಾರ ರಾತ್ರಿ ಬಸ್ ಹತ್ತಿ ಬಂದು ಭಾನುವಾರ ರಾತ್ರಿ ವಾಪಸ್ ಹೋಗೋ ಐಟಿಯವರು. ವಾರದ ದಿನಗಳಲ್ಲಿ ನಿಜವಾಗಿ ಶಿಬಿರ ಎಳೆದದ್ದು ಡಿ.ಎಡ್. ಮುಗಿಸಿ ಮನೇಲಿದ್ದ ಇಬ್ಬರು ಹುಡುಗೀರು ಮತ್ತು ಬಿಸಿಯೂಟದ ಅಕ್ಕ. ಫೇಸ್‌ಬುಕ್ಕಿನ ಫೋಟೋಗಳಲ್ಲಿ ಮಾತ್ರ ನಾವು ಐಟಿಯವರೇ ಜಾಸ್ತಿ.

ಇನ್ನೊಂದು ದೃಶ್ಯ. ಹುಡುಗರೆಲ್ಲ ಮೇಜಿನ ಸುತ್ತ ಕೂತು ಅಪ್ಪ ಅಮ್ಮನ ಬಗ್ಗೆ ಮಾತಾಡ್ತಾರೆ. ಒಬ್ಬಳ ಮಾತು ನಮ್ಮ ಕಿವಿಗೆ ಸುಲಭಕ್ಕೆ ಅರ್ಥ ಆಗಲ್ಲ. ಅವಳು ಮಾತಾಡ್ತಾಳೆ, ಮಾತಾಡ್ತಾಳೆ, ಎಲ್ಲರೂ ಸುಮ್ಮನೆ ಕೇಳಿಸಿಕೊಳ್ತಾರೆ. ಆಮೇಲೆ ಪಕ್ಕದವನು ಹೇಳ್ತಾನೆ: ಇವಳು ಕೇಳ್ತಿರೋದು ತನ್ನ ಪಾಡಿಗೆ ತಾನು ಒಬ್ಬಳೇ ಇರೋ ಹಕ್ಕನ್ನ ಅಂತ. ಕತ್ತರಿ ಕೈಯಲ್ಲಿದ್ದ ಸಂಕಲನಕಾರರು ಆ ಮಾತನ್ನ ಮೊಟಕು ಮಾಡಿಲ್ಲ. ಈ ಚಿತ್ರದ ಬಗ್ಗೆ ನನಗೆ ಇರೋ ಗೌರವಕ್ಕೆ ಅದೊಂದು ಸಾಕು. ಕನಿಕರದ ಸಂಗೀತ ಹಾಕಿ ಕಣ್ಣೀರು ತರಿಸೋದು ಸುಲಭ ಇತ್ತು.

ಆ ದೃಶ್ಯ ಆದ್ಮೇಲೆ ಫೋನ್ ಕೆಳಗಿಟ್ಟೆ. ಎರಡನೇ ವರ್ಷದ ಶಿಬಿರಕ್ಕೆ ಒಬ್ಬ ಹುಡುಗ ಬಂದಿದ್ದ, ಆರನೇ ಕ್ಲಾಸು, ಕಾಲಿನಲ್ಲಿ ಶಕ್ತಿ ಇಲ್ಲ, ಗೋಡೆ ಹಿಡಿದು ನಡೀತಿದ್ದ. ಖೋಖೋ ಆಡೋವಾಗ ಅವನನ್ನ ಏನು ಮಾಡೋದು ಅಂತ ನಾನೇ ಉಪಾಯ ಮಾಡಿ, ಕುರ್ಚಿ ಹಾಕಿ, ಕೈಗೆ ನೋಟ್‌ಬುಕ್ ಕೊಟ್ಟು ‘ನೀನೇ ಸ್ಕೋರರ್ ಕಣೋ’ ಅಂದೆ. ಬಹಳ ಒಳ್ಳೆ ಕೆಲಸ ಮಾಡಿದೆ ಅಂತ ನನಗೆ ನಾನೇ ಖುಷಿಪಟ್ಟೆ. ಮೂರು ದಿನ ಬಂದ, ನಾಲ್ಕನೇ ದಿನ ಬರ್ಲಿಲ್ಲ. ಸಂಜೆ ಮನೆ ಹತ್ರ ಹೋದ್ರೆ ಅವರಮ್ಮ, ‘ಅವ್ನು ಅಲ್ಲಿ ನೀರೇ ಕುಡಿಯಲ್ವಂತೆ ಸಾ, ಮನೆಗೆ ಬಂದು ಎರಡು ಚೊಂಬು ಕುಡೀತಾನೆ’ ಅಂದ್ರು. ಶಾಲೆಯ ಶೌಚಾಲಯಕ್ಕೆ ಎರಡು ಮೆಟ್ಟಿಲು, ಹಿಡ್ಕೊಳ್ಳೋಕೆ ಏನೂ ಇಲ್ಲ. ಅವನನ್ನ ಎತ್ತಿಕೊಂಡು ಹೋಗೋಕೆ ನಾವು ತಯಾರಿದ್ವಿ, ಆದ್ರೆ ಹನ್ನೊಂದು ವರ್ಷದ ಹುಡುಗ ಅದನ್ನ ಕೇಳ್ತಾನಾ? ಏಪ್ರಿಲ್ ಬಿಸಿಲಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಗಂಟಲು ಒಣಗಿಸಿಕೊಂಡು ನನ್ನ ಸ್ಕೋರ್ ಬರೀತಿದ್ದ.

ನಾನು ಅವನನ್ನ ಒಂದೇ ಒಂದು ಪ್ರಶ್ನೆಯನ್ನೂ ಕೇಳಿರ್ಲಿಲ್ಲ.

ಚಿತ್ರಕ್ಕೆ ವಾಪಸ್ ಬರ್ತೀನಿ. ಎರಡನೇ ಅರ್ಧ ಶಿಬಿರ ಬಿಟ್ಟು ಹೋರಾಟದ ಕಡೆ ಹೊರಳುತ್ತೆ. ಅಂಗವಿಕಲರನ್ನ ಹೊರಗಿಡಬಾರದು ಅಂತ ಅಮೆರಿಕದ 1973ರ ಕಾನೂನಿನಲ್ಲಿ 504ನೇ ಸೆಕ್ಷನ್ ಇತ್ತು, ನಿಯಮಾವಳಿಗೆ ಮಾತ್ರ ಸಹಿ ಬಿದ್ದಿರ್ಲಿಲ್ಲ. 1977ರ ಏಪ್ರಿಲಿನಲ್ಲಿ ನೂರಕ್ಕೂ ಹೆಚ್ಚು ಜನ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡಕ್ಕೆ ನುಗ್ಗಿ ಮೂರು ವಾರಕ್ಕೂ ಹೆಚ್ಚು ಕಾಲ ಅಲ್ಲೇ ಕೂತರು. ಮುಂದಾಳು ಅದೇ ಜೂಡಿ. ಟೆಲಿಫೋನ್ ಕತ್ತರಿಸಿದಾಗ ಕಿವುಡರು ಕಿಟಕಿಯಿಂದ ಸನ್ನೆ ಭಾಷೆಯಲ್ಲಿ ಹೊರಗಿನವರ ಜೊತೆ ಮಾತಾಡಿದರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಿಸಿ ಊಟ ತಂದು ಹಾಕಿದರು. ಏಪ್ರಿಲ್ 28ಕ್ಕೆ ಸಹಿ ಬಿತ್ತು. ಅಲ್ಲಿನ ಸಭೆಗಳಲ್ಲೂ ಕೊನೆಯವನು ಮಾತಾಡೋವರೆಗೆ ಕಾಯೋದು ನೋಡಿದಾಗ, ಲಸಾನ್ಯದ ಸಭೆ ಏನಕ್ಕೆ ತಾಲೀಮು ಅಂತ ಗೊತ್ತಾಯ್ತು. ಚಿತ್ರ ಇದನ್ನ ಬಾಯಿಬಿಟ್ಟು ಹೇಳಲ್ಲ, ನಮಗೇ ಹೊಳೆಯೋಕೆ ಬಿಡುತ್ತೆ.

ತಕರಾರು ಇರೋದು ಬೇರೆ ಕಡೆ. ಶಿಬಿರದಿಂದ ಹೋರಾಟ, ಹೋರಾಟದಿಂದ 1990ರ ಕಾನೂನು ಅಂತ ಚಿತ್ರ ನೇರ ಗೆರೆ ಎಳೆದುಬಿಡುತ್ತೆ. ಜೂಡಿ ಟೀಚರ್ ಕೆಲಸಕ್ಕಾಗಿ ನ್ಯೂಯಾರ್ಕಿನ ಶಿಕ್ಷಣ ಮಂಡಳಿ ಮೇಲೆ ಕೋರ್ಟಿಗೆ ಹೋಗಿದ್ದು 1970ರಲ್ಲೇ, ಅಂದ್ರೆ ಈ ಟೇಪುಗಳಿಗಿಂತ ಮುಂಚೆ. ಅವಳು ಶಿಬಿರದಿಂದ ಪಡೆದಷ್ಟೇ ಶಿಬಿರಕ್ಕೆ ತಂದಿದ್ದಾಳೆ. ಅದಕ್ಕಿಂತ ದೊಡ್ಡ ತಕರಾರು: ಶಿಬಿರ ನಡೆಯೋದು ಹೇಗೆ ಅನ್ನೋದು ಇಲ್ಲಿ ಇಲ್ಲವೇ ಇಲ್ಲ. ಹಾಸಿಗೆಯಿಂದ ಎಬ್ಬಿಸೋದು, ಸ್ನಾನ ಮಾಡಿಸೋದು, ಊಟ ತಿನ್ನಿಸೋದು ಪ್ರತಿದಿನದ ಕೆಲಸ. ತಿಂಗಳುಗಟ್ಟಲೆ ಇದನ್ನ ಮಾಡಿದವರ ಬೆನ್ನು ಎಷ್ಟು ನೋಯ್ತು? ಯಾರು ಮಧ್ಯದಲ್ಲೇ ಬಿಟ್ಟು ಹೋದರು? ದುಡ್ಡು ಎಲ್ಲಿಂದ ಬಂತು? 1977ರಲ್ಲಿ, ಸಹಿ ಬಿದ್ದ ಅದೇ ವರ್ಷ, ಕ್ಯಾಂಪ್ ಜೆನೆಡ್ ಹಣದ ತೊಂದರೆಯಿಂದ ಮುಚ್ಚಿತು. ಮುಂದೆ ಬೇರೆ ಸಂಸ್ಥೆಯ ಕೈಯಲ್ಲಿ ಮತ್ತೆ ತೆರೀತು, ಅದು ಬೇರೆ ಕತೆ. ಇಷ್ಟು ದೊಡ್ಡ ವಿಷಯ ಚಿತ್ರದಲ್ಲಿ ಕಣ್ಣು ಮಿಟುಕಿಸೋದ್ರೊಳಗೆ ದಾಟಿ ಹೋಗುತ್ತೆ. ನೆನಪಿಗೆ ಬಿಸಿಲು, ಹಾಡು, ನಗು ಸಿಗ್ತವೆ, ದಿನಸಿ ಅಂಗಡಿಯ ಬಾಕಿ ಸಿಗಲ್ಲ. ಇಂಥ ಶಿಬಿರ ಇನ್ನೊಂದು ಕಟ್ಟಬೇಕು ಅಂತ ಈ ಚಿತ್ರ ನೋಡಿ ಹೊರಟವರಿಗೆ ಮೊದಲು ಬೇಕಾಗೋದು ಆ ಬಾಕಿಯ ಲೆಕ್ಕವೇ.

2022ರಲ್ಲಿ ಶಿಬಿರ ಮತ್ತೆ ಶುರು ಮಾಡಿದ್ವಿ. ಶೌಚಾಲಯಕ್ಕೆ ರ‍್ಯಾಂಪ್ ಹಾಕೋಣ ಅಂತ ಹೊರಟ್ರೆ ಅಲ್ಲೂ ಪಾಠ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಮುಂದೆ ಇರೋ ಜಾಗ ಏಳೇ ಅಡಿ. ಸಿವಿಲ್ ಓದಿದ ಗೆಳೆಯ ತಿರುವು ಹಾಕಿ ಪ್ಲಾನ್ ಬರೆದ, ಗಾರೆಯವರು ಒಂದೂವರೆ ದಿನದಲ್ಲಿ ಮುಗಿಸಿದ್ರು. ಗೋಡೆಗೆ ಕಬ್ಬಿಣದ ಪೈಪು ಕೂರಿಸಿದ್ವಿ. ಆ ಹುಡುಗ ಅಷ್ಟೊತ್ತಿಗೆ ತಾಲ್ಲೂಕು ಕೇಂದ್ರದ ಹಾಸ್ಟೆಲ್ ಸೇರಿದ್ದ.

ಶುರುವಾಗೋ ಹಿಂದಿನ ರಾತ್ರಿ ಸ್ವಯಂಸೇವಕರನ್ನೆಲ್ಲ ಕೂರಿಸಿ ಲ್ಯಾಪ್‌ಟಾಪಿನಲ್ಲಿ ಲಸಾನ್ಯದ ದೃಶ್ಯ ತೋರಿಸಿದೆ, ನಾನೇ ಕನ್ನಡದಲ್ಲಿ ಹೇಳ್ತಾ. ಬಿಸಿಯೂಟದ ಅಕ್ಕ ಹಿಂದೆ ನಿಂತು ನೋಡ್ತಿದ್ರು. ಮುಗಿದ ಮೇಲೆ ಕೇಳಿದ್ರು, ‘ಅದೇನೋ ಮಾಡಿದ್ರಲ್ಲ, ಪಾತ್ರೆ ಯಾರು ತೊಳೆದ್ರಂತೆ?’

‘ಅದು ತೋರಿಸಿಲ್ಲ ಅಕ್ಕ’ ಅಂದೆ.

‘ತೋರಿಸಲ್ಲ ಬುಡು’ ಅಂದು, ನಾಳೆಯ ರವೆ ಹುರಿಯೋಕೆ ಒಳಗೆ ಹೋದ್ರು.