‘ಹಾರ್ಟ್‌ಸ್ಟಾಪರ್’ ಧಾರಾವಾಹಿಯ ಪ್ರೇಕ್ಷಕರು: ರಸವಿಘ್ನದ ದೃಷ್ಟಿಯಿಂದ

ಕಿರುತೆರೆಯ ಕೃತಿಯೊಂದರ ವಿಮರ್ಶೆಗಿಂತ ಅದನ್ನು ನೋಡಿದವರ ವರ್ತನೆಯ ವಿಮರ್ಶೆಯೇ ಕೆಲವೊಮ್ಮೆ ಹೆಚ್ಚು ಫಲಕಾರಿಯಾಗುವುದುಂಟು. 2022ರ ಏಪ್ರಿಲ್ 22ರಂದು ನೆಟ್‌ಫ್ಲಿಕ್ಸ್ ಮೂಲಕ ತೆರೆಕಂಡ ಬ್ರಿಟನ್ನಿನ ‘ಹಾರ್ಟ್‌ಸ್ಟಾಪರ್’ ಅಂಥದೊಂದು ನಿದರ್ಶನ. ಆಲಿಸ್ ಓಸ್ಮನ್ ಅವರು 2016ರಿಂದ ಅಂತರಜಾಲದಲ್ಲಿ ಪ್ರಕಟಿಸುತ್ತ ಬಂದ ಚಿತ್ರಕಥೆ ಇದರ ಮೂಲ. ಧಾರಾವಾಹಿಯನ್ನು ಬರೆದವರೂ ಅವರೇ. ಗಂಡುಮಕ್ಕಳ ಶಾಲೆಯೊಂದರಲ್ಲಿ ಚಾರ್ಲಿ ಮತ್ತು ನಿಕ್ ಎಂಬ ಹುಡುಗರು ಅಕ್ಕಪಕ್ಕ ಕೂರುತ್ತಾರೆ, ಗೆಳೆಯರಾಗುತ್ತಾರೆ, ಪರಸ್ಪರ ಒಲಿಯುತ್ತಾರೆ. ಚಾರ್ಲಿ ಸಲಿಂಗಪ್ರೇಮಿ ಎಂಬುದು ಹಿಂದಿನ ವರ್ಷವೇ ಅವನ ಇಚ್ಛೆಯನ್ನು ಮೀರಿ ಶಾಲೆಗೆಲ್ಲ ತಿಳಿದುಹೋಗಿ, ಅವನು ಸಹಪಾಠಿಗಳ ಹಿಂಸೆ ಉಂಡಿದ್ದಾನೆ. ರಗ್ಬಿ ಆಟಗಾರ ನಿಕ್ ತಾನು ಉಭಯಲಿಂಗಾಸಕ್ತನೆಂಬುದನ್ನು ಮೊದಲು ತನಗೆ ತಾನೇ ಒಪ್ಪಿಸಿಕೊಂಡು, ಎಂಟನೆಯ ಕಂತಿನಲ್ಲಿ ತಾಯಿಗೆ ಹೇಳುತ್ತಾನೆ. 2023ರ ಆಗಸ್ಟ್‌ನಲ್ಲಿ ಬಂದ ಎರಡನೆಯ ಭಾಗದ ಬಹುಪಾಲು, ಉಳಿದವರಿಗೆ ಯಾವಾಗ ಹೇಳಬೇಕು, ಹೇಳಲೇಬೇಕೆ ಎಂಬ ತೊಳಲಾಟಕ್ಕೆ ಮೀಸಲು. ಹೇಳುವ ಗಳಿಗೆಯನ್ನು ಆರಿಸಿಕೊಳ್ಳುವ ಹಕ್ಕು ಹೇಳುವವನದೇ ಎಂಬುದು ಇಡೀ ಕಥನದ ಬೆನ್ನೆಲುಬು.

ಕೃತಿ ಅತಿಮಧುರವಾಯಿತು, ಬದುಕು ಇಷ್ಟು ಮೃದುವಲ್ಲ ಎಂಬ ಆಕ್ಷೇಪವೂ ಕೇಳಿಬಂದಿತು. 2024ರ ಅಕ್ಟೋಬರಿನ ಮೂರನೆಯ ಭಾಗ ಚಾರ್ಲಿಯ ಮಾನಸಿಕ ಅನಾರೋಗ್ಯವನ್ನು ಕೈಗೆತ್ತಿಕೊಂಡ ಮೇಲೆ ಈ ಮಾತಿಗೆ ಅಷ್ಟು ತೂಕ ಉಳಿಯಲಿಲ್ಲ. ನಮಗೆ ಮುಖ್ಯವೆನಿಸುವುದು ಬೇರೆ ಎರಡು ಪ್ರತಿಕ್ರಿಯೆಗಳು.

ಮೊದಲನೆಯದು ನಡುವಯಸ್ಸಿನವರದು. ಹದಿಹರೆಯದವರಿಗೆಂದು ಮಾಡಿದ ಕೃತಿಯನ್ನು ನೋಡಿ ಸಂತೋಷದ ಜೊತೆಗೇ ವಿವರಿಸಲಾಗದ ಶೋಕ ಆವರಿಸಿತೆಂದು ಆ ಪೀಳಿಗೆಯ ಸಲಿಂಗಪ್ರೇಮಿಗಳನೇಕರು ಬರೆದರು. ತಮಗೆ ದೊರೆಯದೆ ಹೋದ ಹರೆಯಕ್ಕಾಗಿ ಅವರು ಅತ್ತರು. ಇದಕ್ಕೆ ಚಾರಿತ್ರಿಕ ಕಾರಣವಿದೆ. ಬ್ರಿಟನ್ನಿನಲ್ಲಿ 1988ರಲ್ಲಿ ಜಾರಿಗೆ ಬಂದ 28ನೆಯ ಕಲಮು ಸ್ಥಳೀಯ ಸಂಸ್ಥೆಗಳು ಸಲಿಂಗಪ್ರೇಮಕ್ಕೆ ‘ಉತ್ತೇಜನ’ ಕೊಡುವುದನ್ನು ನಿಷೇಧಿಸಿತ್ತು. ಅದು ಸ್ಕಾಟ್‌ಲೆಂಡಿನಲ್ಲಿ 2000ದಲ್ಲಿಯೂ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2003ರಲ್ಲಿಯೂ ರದ್ದಾಯಿತು. ಆ ನಡುವಣ ವರ್ಷಗಳಲ್ಲಿ ಈ ವಿಷಯವನ್ನು ತರಗತಿಯಲ್ಲಿ ಎತ್ತಲು ಉಪಾಧ್ಯಾಯರು ಅಂಜುತ್ತಿದ್ದರು. ಧಾರಾವಾಹಿಯಲ್ಲಿ ಚಾರ್ಲಿಗೆ ತನ್ನ ಕೋಣೆಯಲ್ಲಿ ಆಸರೆ ಕೊಡುವ ಚಿತ್ರಕಲಾ ಶಿಕ್ಷಕರಂಥವರನ್ನು ಆ ಪೀಳಿಗೆ ಕಾಣುವುದು ಕಷ್ಟವಿತ್ತು.

ಕಿರುತೆರೆಗೆ ರಸಸೂತ್ರವನ್ನು ಹಚ್ಚುವುದು ಅತಿಯಾಯಿತೆಂದು ಹುಬ್ಬೇರಿಸುವವರು ಇರಬಹುದು. ಆದರೆ ಪ್ರೇಕ್ಷಕನ ಮನಸ್ಸನ್ನು ಅಭಿನವಗುಪ್ತನಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡಿದವರು ವಿರಳ. ‘ಅಭಿನವಭಾರತಿ’ಯಲ್ಲಿ ಆತ ಹೇಳುವ ಏಳು ರಸವಿಘ್ನಗಳಲ್ಲಿ, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು ಒಂದು. ಈ ಅಳತೆಗೋಲನ್ನು ಯಾಂತ್ರಿಕವಾಗಿ ಹಿಡಿದರೆ ಮೇಲಿನ ಕಣ್ಣೀರೂ ವಿಘ್ನವೇ ಆಗಬೇಕು. ನಾವು ಇದನ್ನು ಒಪ್ಪಲಾರೆವು. ರಸಾನುಭವಕ್ಕೆ ಸಹೃದಯನಲ್ಲಿ ವಾಸನೆ ಇರಬೇಕೆಂಬುದೂ ಅದೇ ಆಚಾರ್ಯನ ಮಾತು. ಅನುಭವದಿಂದ ಉಳಿಯುವ ವಾಸನೆಯಂತೆ ಅನುಭವದ ಅಭಾವದಿಂದ ಉಳಿಯುವ ವಾಸನೆಯೂ ಇರಲಾರದೆ? ಎಂದೂ ಆಗದ ಸಂಯೋಗದ ವಿಪ್ರಲಂಭವೆಂದು ಇದನ್ನು ಕರೆಯಬಹುದು. ಈ ಪ್ರೇಕ್ಷಕರು ತೆರೆಯ ಹುಡುಗರಿಂದ ಏನನ್ನೂ ಕೇಳಲಿಲ್ಲ, ನೋಡಿದರು, ಅತ್ತರು. ಸಾಧಾರಣೀಕರಣಕ್ಕೆ ಇದರಿಂದ ಭಂಗ ಬಂದಿತೆನ್ನಲಾಗದು.

ಎರಡನೆಯ ಪ್ರತಿಕ್ರಿಯೆ ಇನ್ನೊಂದು ಜಾತಿಯದು. ನಿಕ್ ಪಾತ್ರಧಾರಿ ಕಿಟ್ ಕಾನರ್‌ಗೆ ಆಗ ಹದಿನೆಂಟು ವರ್ಷ. ಪಾತ್ರದಂತೆಯೇ ನಟನೂ ಹೌದೋ ಅಲ್ಲವೋ ಎಂಬ ಶೋಧಕ್ಕೆ ಅಭಿಮಾನಿಗಳ ಒಂದು ಗುಂಪು ಇಳಿಯಿತು. ‘ಕ್ವಿಯರ್‌ಬೇಟಿಂಗ್’ ಎಂಬ ಆರೋಪವನ್ನು, ಅಂದರೆ ಸಲಿಂಗಪ್ರೇಮದ ಆಸೆ ತೋರಿಸಿ ಪ್ರೇಕ್ಷಕರನ್ನು ಸೆಳೆದು ಕೈಕೊಡುವ ದೋಷವನ್ನು, ಅವನ ಮೇಲೆ ಹೊರಿಸಿತು. ಕೃತಿಗಳ ವಿಮರ್ಶೆಗಾಗಿ ಹುಟ್ಟಿದ ಈ ಪದ ಜೀವಂತ ವ್ಯಕ್ತಿಯೊಬ್ಬನ ಮೇಲಿನ ದೂರಾಗಿ ಮಾರ್ಪಟ್ಟದ್ದು ಗಮನಾರ್ಹ. ಸೆಪ್ಟೆಂಬರಿನಲ್ಲಿ ಆತ ಟ್ವಿಟರ್ ತೊರೆದ. 2022ರ ಅಕ್ಟೋಬರ್ 31ರಂದು ಒಮ್ಮೆ ಹಿಂತಿರುಗಿ ತಾನು ಉಭಯಲಿಂಗಾಸಕ್ತನೆಂದು ತಿಳಿಸಿದ. ಹದಿನೆಂಟರ ಹುಡುಗನ ಬಾಯಿಂದ ಇದನ್ನು ಬಲವಂತವಾಗಿ ಹೇಳಿಸಿದ್ದಕ್ಕೆ ವ್ಯಂಗ್ಯವಾಗಿ ಅಭಿನಂದಿಸಿದ. ಧಾರಾವಾಹಿಯ ತಿರುಳೇ ಕೆಲವರಿಗೆ ದಕ್ಕಿಲ್ಲವೆಂದ. ಓಸ್ಮನ್ ಅವರೂ ಇಂಥ ಪ್ರೇಕ್ಷಕರ ಬಗೆಗೆ ಬಹಿರಂಗವಾಗಿಯೇ ಬೇಸರ ವ್ಯಕ್ತಪಡಿಸಿದರು. ಚಾರ್ಲಿಗೆ ಶಾಲೆ ಮಾಡಿದ್ದನ್ನೇ ನಿಕ್‌ನ ಪಾತ್ರಧಾರಿಗೆ ಚಾರ್ಲಿಯನ್ನು ಮುದ್ದಿಸಿದವರು ಮಾಡಿದ್ದರು.

ಈ ಬೇಡಿಕೆಯನ್ನು ಬರಿಯ ಕ್ರೌರ್ಯವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಸಲಿಂಗಪ್ರೇಮಿ ನಟರು ತಮ್ಮ ಬದುಕನ್ನು ಬಚ್ಚಿಡುತ್ತಿರುವಾಗಲೇ ಅಂಥ ಪಾತ್ರಗಳಿಗೆ ಇತರರು ಪ್ರಶಸ್ತಿ ಪಡೆದ ದೀರ್ಘ ಚರಿತ್ರೆ ಇದರ ಹಿಂದಿದೆ. ನ್ಯಾಯವಾದ ಆ ಅಸಮಾಧಾನ ಪಾತ್ರ ಹಂಚುವ ಉದ್ಯಮವನ್ನು ಬಿಟ್ಟು ಹುಡುಗನೊಬ್ಬನನ್ನು ಹಿಡಿಯಿತು ಎಂಬಲ್ಲಿ ತಪ್ಪಿದೆ.

ತಾತ್ತ್ವಿಕವಾಗಿಯೂ ಇಲ್ಲಿ ತೊಡಕಿದೆ. ಶ್ರೀಶಂಕುಕನ ಚಿತ್ರತುರಗನ್ಯಾಯ ನಮಗೆಲ್ಲ ಪರಿಚಿತ. ಚಿತ್ರದ ಕುದುರೆಯನ್ನು ಕುದುರೆಯೆಂದು ಗ್ರಹಿಸುವ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ನಟನಲ್ಲಿ ರಾಮನನ್ನು ಕಾಣುವ ಅರಿವೂ ಹಾಗೆಯೇ. ಚಿತ್ರದ ಕುದುರೆಗೆ ಹುಲ್ಲು ಹಾಕಿ, ತಿನ್ನಲಿಲ್ಲವೆಂದು ಚಿತ್ರಕಾರನನ್ನು ದೂರಿದರೆ ಹೇಗೋ ಹಾಗಿದೆ ಈ ಅಭಿಮಾನಿಗಳ ನಡೆ. ಅಭಿನವಗುಪ್ತನ ಪಟ್ಟಿಯ ಇನ್ನೊಂದು ವಿಘ್ನ, ಕಂಡದ್ದನ್ನು ಇಂಥವನದೇ, ಇಂಥ ದೇಶಕಾಲದ್ದೇ ಎಂದು ಕಟ್ಟಿಹಾಕುವುದು. ಇದರ ನಿವಾರಣೆಗೆಂದೇ ಪೂರ್ವರಂಗ, ಇದಕ್ಕಾಗಿಯೇ ನಟನ ಸ್ವರೂಪವನ್ನು ಮುಚ್ಚುವ ಪ್ರತಿಶೀರ್ಷಕಾದಿ ವೇಷ ಎನ್ನುತ್ತಾನೆ ಆತ. ನಮ್ಮ ಯಕ್ಷಗಾನದ ಕಿರೀಟ, ಮುಖವರ್ಣಿಕೆಗಳು ಇಂದಿಗೂ ಈ ಕೆಲಸ ಮಾಡುತ್ತಿವೆ. ಕಿರುತೆರೆಯ ನಟನಿಗೆ ಪ್ರತಿಶೀರ್ಷಕವಿಲ್ಲ. ಅವನು ತನ್ನ ಮುಖದಲ್ಲಿಯೇ ನಟಿಸಬೇಕು. ಪ್ರಚಾರಕ್ಕಾಗಿ ಸಂದರ್ಶನಗಳಲ್ಲಿ ಅದೇ ಮುಖವನ್ನು ಮಾರಬೇಕು. ಪೂರ್ವರಂಗ ಮುಚ್ಚುತ್ತಿದ್ದುದನ್ನು ಪ್ರಚಾರ ಬಿಚ್ಚುತ್ತದೆ. ಆದ್ದರಿಂದ ದೋಷದ ಒಂದು ಪಾಲು ಉದ್ಯಮಕ್ಕೂ ಸಲ್ಲತಕ್ಕದ್ದು.

ಕೃತಿಕಾರನ ಬದುಕನ್ನು ಕೃತಿಯೊಳಗೆ ಹುಡುಕುವ ಕುತೂಹಲ ಕನ್ನಡ ಓದುಗರಿಗೂ ಹೊಸದಲ್ಲ. ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಪ್ರಕಟವಾದದ್ದು 2013ರಲ್ಲಿ. ಸುಪ್ರೀಂ ಕೋರ್ಟು 377ನೆಯ ಕಲಮನ್ನು ಮತ್ತೆ ಊರ್ಜಿತಗೊಳಿಸಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂಬ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ತಾವು ಸಲಿಂಗಪ್ರೇಮಿಯೆಂದು ವಸುಧೇಂದ್ರರು ಬಹಿರಂಗವಾಗಿ ಹೇಳಿಕೊಂಡದ್ದು ಪ್ರೌಢ ವಯಸ್ಸಿನಲ್ಲಿ, ಕಥೆಗಾರರಾಗಿ ಹೆಸರಾದ ಮೇಲೆ, ತಾವೇ ಆರಿಸಿಕೊಂಡ ಗಳಿಗೆಯಲ್ಲಿ. ಕಾನರ್‌ಗೆ ದೊರೆಯದೆ ಹೋದದ್ದು ಈ ಗಳಿಗೆಯೇ.