ಅಗಸ್ಟಸನ ಒಂದು ಬೆಳ್ಳಿಯ ದೀನಾರ

‘ದೀನಾರ’ ಶಬ್ದವನ್ನು ಉಣಾದಿಪ್ರಕ್ರಿಯೆಯಿಂದ ಸಾಧಿಸುವುದನ್ನು ನಾವು ಪಾಠಶಾಲೆಯಲ್ಲಿ ಕಲಿತೆವು. ಅದು ರೋಮಕರ ‘ದೆನಾರಿಯುಸ್’ ಎಂಬುದನ್ನು ಬಹುಕಾಲದ ಮೇಲೆ ತಿಳಿದೆವು. ನಮ್ಮಲ್ಲಿ ಆ ಹೆಸರು ಚಿನ್ನಕ್ಕೆ ಸಂದಿತು. ಮೂಲದಲ್ಲಿ ಅದು ಬೆಳ್ಳಿಯ ನಾಣ್ಯ. ಅವುಗಳಲ್ಲೊಂದನ್ನು ಕಾವ್ಯವನ್ನು ಓದುವಂತೆ ಓದಬಹುದೆಂಬುದು ಪ್ರಕೃತ ಲೇಖನದ ವಿಷಯ.

ಇದು ಗಾಲ್ ದೇಶದ ಲುಗ್ದುನಂ ನಗರದ ಟಂಕಶಾಲೆಯದು; ತೂಕ ನಾಲ್ಕು ಗ್ರಾಮಿಗೆ ತುಸು ಕಡಮೆ. ಮುಮ್ಮುಖದಲ್ಲಿ ಪತ್ರಮಾಲೆಯನ್ನು ಧರಿಸಿದ ಅಗಸ್ಟಸನ ಶಿರಸ್ಸು. ಸುತ್ತಲೂ ‘ದೇವಪುತ್ರ, ದೇಶಪಿತ’ ಎಂಬರ್ಥದ ಲೇಖ. ದೇಶಪಿತನೆಂಬ ಬಿರುದು ಕ್ರಿ. ಪೂ. 2ರಲ್ಲಿ ಬಂದುದಾದುದರಿಂದ ನಾಣ್ಯವು ಅದಕ್ಕೆ ಹಿಂದಿನದಲ್ಲ. ಹಿಮ್ಮುಖದಲ್ಲಿ ಗೈಯುಸ್, ಲೂಕಿಯುಸ್ ಎಂಬ ಇಬ್ಬರು ತರುಣರು, ನಡುವೆ ಗುರಾಣಿಗಳು, ಈಟಿಗಳು. ಮೇಲೆ ಒಂದು ಯಜ್ಞದರ್ವಿ, ಒಂದು ಬಾಗಿದ ದಂಡ.

ಗುರಾಣಿಯನ್ನು ಕಂಡೊಡನೆ ಇದನ್ನು ವೀರರಸದ ಚಿತ್ರವೆನ್ನುವುದು ಸುಲಭ. ಅದು ಸರಿಯಲ್ಲ. ತರುಣರು ಕವಚವನ್ನು ತೊಟ್ಟಿಲ್ಲ. ಪೌರರ ‘ತೋಗಾ’ ಎಂಬ ಉತ್ತರೀಯವನ್ನು ಹೊದ್ದಿದ್ದಾರೆ. ಗುರಾಣಿಗಳು ನೆಲದ ಮೇಲೆ ನಿಂತಿವೆ. ಅಶ್ವಾರೋಹಿವರ್ಗದವರು ಇವರನ್ನು ‘ಯುವಜನಮುಖ್ಯ’ರೆಂದು ಕರೆದು ಬೆಳ್ಳಿಯ ಗುರಾಣಿ ಈಟಿಗಳನ್ನು ಕೊಟ್ಟರೆಂದು ಅಗಸ್ಟಸನೇ ತನ್ನ ಆತ್ಮಶಾಸನದಲ್ಲಿ ಹೇಳಿಕೊಂಡಿದ್ದಾನೆ. ಆದುದರಿಂದ ಇವು ಆಯುಧಗಳಲ್ಲ, ಮರ್ಯಾದೆಗಳು. ದರ್ವಿಯು ಗೈಯುಸನ ಪೌರೋಹಿತ್ಯವನ್ನೂ, ದಂಡವು ಲೂಕಿಯುಸನ ಶಕುನಜ್ಞಪದವಿಯನ್ನೂ ಸೂಚಿಸುತ್ತವೆ.

ನಾಣ್ಯದ ನಿಜವಾದ ಮರ್ಮವಿರುವುದು ಚಿತ್ರದಲ್ಲಲ್ಲ, ‘ಪುತ್ರ’ನೆಂಬುದಕ್ಕೆ ಸಂಕೇತವಾದ ‘ಎಫ್’ ಎಂಬ ಒಂದಕ್ಷರದಲ್ಲಿ. ಅದು ಎರಡು ಮುಖಗಳಲ್ಲಿಯೂ ಇದೆ. ಎರಡೂ ಕಡೆ ಹೇಳುವುದು ದತ್ತುಸಂಬಂಧವನ್ನೇ. ಅಗಸ್ಟಸನು ಜೂಲಿಯಸ್ ಸೀಸರನ ಸೋದರಿಯ ಮಗಳ ಮಗ, ಮರಣಶಾಸನದಿಂದ ಪುತ್ರನಾದವನು. ತರುಣರಾದರೋ ಅವನ ಮಗಳು ಜೂಲಿಯಾ ಮತ್ತು ಅಗ್ರಿಪ್ಪರ ಮಕ್ಕಳು; ಕ್ರಿ. ಪೂ. 17ರಲ್ಲಿ ಅಜ್ಜನೇ ಅವರಿಗೆ ತಂದೆಯಾದನು. ದೌಹಿತ್ರನನ್ನು ದತ್ತು ತೆಗೆದುಕೊಳ್ಳುವುದನ್ನು ನಮ್ಮ ದತ್ತಕಮೀಮಾಂಸಕಾರರು ಒಪ್ಪರು. ಆದರೆ ಪುತ್ರಿಕಾಪುತ್ರನನ್ನು ಸ್ಮೃತಿಗಳು ಬಲ್ಲವು. ಅರಸನಿಲ್ಲವೆಂದು ಹೇಳಿಕೊಳ್ಳುತ್ತಿದ್ದ ರಾಜ್ಯದಲ್ಲಿ ‘ಯುವರಾಜ’ನೆಂಬ ಮಾತು ಸಲ್ಲದು. ವಾಚ್ಯವಾಗಿ ಹೇಳಲಾಗದುದನ್ನು ಆ ಅಕ್ಷರವು ಧ್ವನಿಸುತ್ತದೆ. ಇದಕ್ಕಿಂತ ಮಿತವಾದ ವಂಶಪ್ರಶಸ್ತಿಯನ್ನು ನಾವು ಕಂಡಿಲ್ಲ.

ಲೇಖದಲ್ಲಿ ಇಬ್ಬರೂ ‘ನಿಯುಕ್ತ ಕಾನ್ಸಲರು’. ಗೈಯುಸನು ಕ್ರಿ. ಶ. 1ರಲ್ಲಿ ಆ ಪದವಿಯನ್ನೇರಿದನು. ಲೂಕಿಯುಸನು ಏರಲೇ ಇಲ್ಲ, ಕ್ರಿ. ಶ. 2ರಲ್ಲಿ ಮಸ್ಸಿಲಿಯಾದಲ್ಲಿ ತೀರಿಕೊಂಡನು. ಎರಡು ವರ್ಷಗಳ ತರುವಾಯ, ಅರ್ಮೇನಿಯದ ಕೋಟೆಯೊಂದರ ಬಳಿ ತಗುಲಿದ ಗಾಯದಿಂದ ಬಳಲಿ, ಗೈಯುಸನೂ ಲಿಕಿಯಾದಲ್ಲಿ ಅಳಿದನು. ಉತ್ತರೀಯ ಹೊದ್ದು ನಿಂತ ತರುಣನು ಶಸ್ತ್ರಾಘಾತದಿಂದ ಸತ್ತನೆಂಬುದನ್ನು ತಿಳಿದು ನೋಡಿದರೆ ಆ ಗುರಾಣಿಯು ಬೇರೆಯಾಗಿ ತೋರುತ್ತದೆ. ಆದರೆ ಈ ಕರುಣರಸವು ಅಚ್ಚೊತ್ತಿದವನದಲ್ಲ, ಕಾಲದ್ದು. ಎರಡನ್ನೂ ಬೆರಸುವುದು ವಿಮರ್ಶೆಯಾಗದು. ಅದೇ ವರ್ಷ ಅಗಸ್ಟಸನು ಟೈಬೀರಿಯಸನನ್ನು ದತ್ತು ತೆಗೆದುಕೊಂಡನು.

ದಕ್ಷಿಣ ಭಾರತದ ನಿಧಿಗಳಲ್ಲಿ ಹೆಚ್ಚಾಗಿ ದೊರೆತಿರುವ ರೋಮಕ ಬೆಳ್ಳಿಯು ಈ ಇಬ್ಬರು ತರುಣರ ದೀನಾರ, ಮತ್ತು ಟೈಬೀರಿಯಸನದು. ಬೆಂಗಳೂರಿನ ಬಳಿ ಯಶವಂತಪುರದಲ್ಲಿಯೂ 1891ರಲ್ಲಿ ರೋಮಕ ಬೆಳ್ಳಿಯ ನಿಧಿ ಸಿಕ್ಕಿತು. ಈ ಕಡೆಯವರು ಚಿತ್ರವನ್ನು ಹೇಗೆ ಓದಿದರೋ! ಸಿಂಹಳದ ಅರಸನೊಬ್ಬನ ವಿಷಯವನ್ನು ಪ್ಲಿನಿಯು ಬರೆದಿದ್ದಾನೆ: ದೀನಾರಗಳ ಮೇಲಿನ ಮುಖಗಳು ಬೇರೆಬೇರೆಯಾಗಿದ್ದರೂ ತೂಕ ಒಂದೇ ಆಗಿರುವುದನ್ನು ಕಂಡು, ಆ ಜನ ಪ್ರಾಮಾಣಿಕರೆಂದು ಅವನು ಮೆಚ್ಚಿದನಂತೆ.