ಅಡ್ರೀನಲ್ ಕ್ಯಾನ್ಸರಿನಲ್ಲಿ ಐಜಿಎಫ್-2: ಒಂದು ತರ್ಕದ ಪರಾಮರ್ಶೆ

ಅಡ್ರೀನಲ್ ಗ್ರಂಥಿಯ ಗೆಡ್ಡೆಗಳನ್ನು ಕುರಿತ ಕಳೆದ ಮೂರು ದಶಕಗಳ ಸಂಶೋಧನೆಯಲ್ಲಿ ಎರಡು ಬಗೆಯ ತರ್ಕಗಳು ಅಕ್ಕಪಕ್ಕದಲ್ಲಿ ಸಾಗಿಬಂದಿವೆ. ಯಾವ ಪ್ರೋಟೀನು ಕೆಟ್ಟಿದೆ, ಅದು ಕೆಟ್ಟದ್ದರಿಂದ ಜೀವಕೋಶದ ನಡವಳಿಕೆ ಹೇಗೆ ಬದಲಾಯಿತು ಎಂಬುದನ್ನು ಹಂತಹಂತವಾಗಿ ತೋರಿಸುವುದು ಒಂದು. ಯಾವ ಪ್ರೋಟೀನು ವಿಪರೀತವಾಗಿ ಹೆಚ್ಚಿದೆಯೆಂದು ಅಳೆದು, ಹೆಚ್ಚಿರುವುದನ್ನೇ ರೋಗದ ಕಾರಣವೆಂದು ಭಾವಿಸುವುದು ಇನ್ನೊಂದು. ಮೊದಲನೆಯದು ಗಟ್ಟಿ ಫಲ ಕೊಟ್ಟಿದೆ. ಎರಡನೆಯದು ದುಬಾರಿಯಾದ ಸೋಲನ್ನು ಕಂಡ ಮೇಲೂ ಸಂಶೋಧನಾ ಲೇಖನಗಳಿಂದ ಮರೆಯಾಗಿಲ್ಲ.

ಮೊದಲ ಬಗೆಯ ಉತ್ತಮ ನಿದರ್ಶನ ಕಾರ್ಟಿಸಾಲ್ ಸ್ರವಿಸುವ ಸೌಮ್ಯ ಗೆಡ್ಡೆಗಳಲ್ಲಿದೆ. ಪಿಟ್ಯುಟರಿ ಗ್ರಂಥಿಯಿಂದ ಬರುವ ಎಸಿಟಿಎಚ್ ಹಾರ್ಮೋನು ಅಡ್ರೀನಲ್ ಹೊರಪದರದ ಜೀವಕೋಶದ ಗ್ರಾಹಕಕ್ಕೆ, ಅಂದರೆ ಹೊರಗಿನ ಸಂಜ್ಞೆಯನ್ನು ಒಳಕ್ಕೆ ದಾಟಿಸುವ ಪ್ರೋಟೀನಿಗೆ, ಅಂಟಿಕೊಂಡಾಗ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಹೆಚ್ಚುತ್ತದೆ. ಅದು ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವದ ನಿಯಂತ್ರಕ ಭಾಗವನ್ನು ಸೇರಿದಾಗ, ಆ ಭಾಗ ತಡೆದಿಟ್ಟಿದ್ದ ಕ್ರಿಯಾಶೀಲ ಭಾಗ ಬಿಡುಗಡೆಯಾಗಿ ಕಾರ್ಟಿಸಾಲ್ ತಯಾರಿಕೆಗೆ ಚಾಲನೆ ದೊರೆಯುತ್ತದೆ. 2014ರಲ್ಲಿ ಬೇರೆಬೇರೆ ದೇಶಗಳ ಹಲವು ತಂಡಗಳು ಈ ಕ್ರಿಯಾಶೀಲ ಭಾಗದ 206ನೆಯ ಸ್ಥಾನದಲ್ಲಿ ಲ್ಯೂಸಿನ್ ಬದಲು ಆರ್ಜಿನಿನ್ ಬಂದು ಕೂತಿರುವುದನ್ನು ಕಂಡವು. ನಿಯಂತ್ರಕ ಭಾಗ ಹಿಡಿತ ಸಾಧಿಸುವ ಜಾಗವೇ ಅದಾದ್ದರಿಂದ, ಎಸಿಟಿಎಚ್ ಇಲ್ಲದಿದ್ದರೂ ಕಿಣ್ವ ಸದಾ ಚಾಲನೆಯಲ್ಲಿರುತ್ತದೆ. ಒಂದು ತಂಡ ಪರೀಕ್ಷಿಸಿದ, ಕಾರ್ಟಿಸಾಲ್ ವಿಪರೀತವಾದಾಗ ಬರುವ ಕುಶಿಂಗ್ ರೋಗಲಕ್ಷಣ ಸ್ಪಷ್ಟವಾಗಿದ್ದ 59 ರೋಗಿಗಳ ಗೆಡ್ಡೆಗಳಲ್ಲಿ 22ರಲ್ಲಿ ಈ ಕ್ರಿಯಾಶೀಲ ಭಾಗದ ದೋಷವಿತ್ತು. ಕಾರ್ಟಿಸಾಲ್ ತುಸು ಮಾತ್ರ ಹೆಚ್ಚಿದ್ದ 40 ರೋಗಿಗಳ ಗೆಡ್ಡೆಗಳಲ್ಲಿ ಒಂದರಲ್ಲೂ ಇರಲಿಲ್ಲ. ಕಾರಣದಿಂದ ಲಕ್ಷಣದವರೆಗೆ ಸರಪಳಿಯ ಒಂದು ಕೊಂಡಿಯೂ ಇಲ್ಲಿ ಊಹೆಯಲ್ಲ. ಆಲ್ಡೋಸ್ಟೆರಾನ್ ಸ್ರವಿಸುವ ಗೆಡ್ಡೆಗಳಲ್ಲಿ 2011ರಲ್ಲಿ ಪತ್ತೆಯಾದ ಪೊಟ್ಯಾಸಿಯಂ ನಾಲೆಯ ದೋಷವೂ ಇದೇ ಜಾತಿಯದು.

ಹೊರಪದರದ ಕ್ಯಾನ್ಸರಿನ ವಿಷಯ ಹಾಗಲ್ಲ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಬರುವ ಈ ಕ್ಯಾನ್ಸರಿನಲ್ಲಿ, ಹತ್ತರಲ್ಲಿ ಒಂಬತ್ತರಷ್ಟು ಗೆಡ್ಡೆಗಳು ಐಜಿಎಫ್-2 ಎಂಬ ಬೆಳವಣಿಗೆಯ ಪ್ರೋಟೀನನ್ನು ಭಾರಿ ಪ್ರಮಾಣದಲ್ಲಿ ತಯಾರಿಸುತ್ತವೆ. ಮಕ್ಕಳ ಅತಿಬೆಳವಣಿಗೆಗೆ ಕಾರಣವಾಗುವ ಬೆಕ್‌ವಿತ್-ವೀಡೆಮನ್ ಲಕ್ಷಣಕೂಟದಲ್ಲಿ ಇದೇ ಜೀನಿನ ನಿಯಂತ್ರಣ ತಪ್ಪಿರುವುದೂ, ಆ ಮಕ್ಕಳಲ್ಲಿ ಈ ಕ್ಯಾನ್ಸರಿನ ಸಾಧ್ಯತೆ ಹೆಚ್ಚಿರುವುದೂ ಐಜಿಎಫ್-2 ಕಾರಣವೆಂಬ ಸಂಶಯಕ್ಕೆ ಬಲ ಕೊಟ್ಟವು. ಆದರೆ ಐಜಿಎಫ್-2 ಜೀನು 11ನೆಯ ವರ್ಣತಂತುವಿನಲ್ಲಿ ಒಂಟಿಯಾಗಿಲ್ಲ. ತಂದೆಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುವ ಈ ಜೀನಿನ ನೆರೆಯಲ್ಲೇ, ತಾಯಿಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುವ, ಕೋಶವಿಭಜನೆಗೆ ಕಡಿವಾಣ ಹಾಕುವ ಜೀನೂ ಇದೆ. ಗೆಡ್ಡೆಯಲ್ಲಿ ತಾಯಿಯ ಪ್ರತಿ ಕಳೆದುಹೋಗಿ ತಂದೆಯದು ಇಮ್ಮಡಿಯಾದಾಗ ಒಂದು ಹೆಚ್ಚುತ್ತದೆ, ಇನ್ನೊಂದು ಇಲ್ಲವಾಗುತ್ತದೆ. ರೋಗ ಯಾವುದರಿಂದ ಬಂತೆಂದು ಐಜಿಎಫ್-2ರ ಅಳತೆಯೊಂದೇ ಹೇಳಲಾರದು. ಇಲಿಗಳಲ್ಲಿ ಈ ಪ್ರೋಟೀನನ್ನು ಮಾತ್ರ ಹೆಚ್ಚಿಸಿದಾಗ ಅಡ್ರೀನಲ್ ಕ್ಯಾನ್ಸರ್ ಹುಟ್ಟಲಿಲ್ಲ ಎಂಬ 2012ರ ಫಲಿತಾಂಶಕ್ಕೆ ಸಿಗಬೇಕಾದ ತೂಕ ಸಿಗಲಿಲ್ಲ.

ಅಷ್ಟು ಹೊತ್ತಿಗೆ ಔಷಧದ ಪ್ರಯೋಗ ಶುರುವಾಗಿಯೇ ಹೋಗಿತ್ತು. ಐಜಿಎಫ್-2 ಕೆಲಸ ಮಾಡುವ ಗ್ರಾಹಕಗಳನ್ನು ತಡೆಯುವ ಲಿನ್ಸಿಟಿನಿಬ್ ಗುಳಿಗೆಯನ್ನು, ರೋಗ ಮುಂದುವರಿದಿದ್ದ 139 ಜನರಲ್ಲಿ 90 ಮಂದಿಗೆ ನೀಡಿ, ಉಳಿದ 49 ಮಂದಿಗೆ ಔಷಧವಿಲ್ಲದ ಹುಸಿಗುಳಿಗೆ ಕೊಡಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಔಷಧ ಪಡೆದವರ ಮಧ್ಯಕ ಬದುಕುಳಿವು 323 ದಿನ, ಹುಸಿಗುಳಿಗೆಯವರದು 356 ದಿನ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಎರಡರ ನಡುವೆ ವ್ಯತ್ಯಾಸವಿರಲಿಲ್ಲ. ಇಷ್ಟು ವಿರಳವಾದ ರೋಗದಲ್ಲಿ ಇಂಥ ಪ್ರಯೋಗವನ್ನು ಸರಿಯಾದ ವಿಧಾನದಲ್ಲಿ ಪೂರೈಸಿದ್ದು ದೊಡ್ಡ ಸಾಧನೆ, ಅದನ್ನು ನಡೆಸಿದವರು ಮೆಚ್ಚುಗೆಗೆ ಅರ್ಹರು. ದೋಷವಿರುವುದು ಅದಕ್ಕೆ ಆಧಾರ ಒದಗಿಸಿದ ಸಾಹಿತ್ಯದಲ್ಲಿ. ಪ್ರಯೋಗಾಲಯದ ಪುರಾವೆಯ ದೊಡ್ಡ ಪಾಲು ಎಚ್295 ಎಂಬ ಕೋಶಸಂತತಿಯಿಂದ, ಅಂದರೆ ಒಬ್ಬಳೇ ರೋಗಿಯ ಗೆಡ್ಡೆಯಿಂದ ಬೆಳೆಸಿದ ಜೀವಕೋಶಗಳಿಂದ ಬಂದದ್ದು. ಆ ಜೀವಕೋಶಗಳಲ್ಲಿ ಬೀಟಾ-ಕೆಟೆನಿನ್ ಎಂಬ ಮತ್ತೊಂದು ಸಂಜ್ಞಾ ಪ್ರೋಟೀನೂ ಕೆಟ್ಟಿದೆ. ಒಬ್ಬ ರೋಗಿಯ ಗೆಡ್ಡೆಯನ್ನು ಇಡೀ ರೋಗದ ಪ್ರತಿನಿಧಿಯಾಗಿಸಿದ ಈ ಅವಸರ ಸಮರ್ಥನೀಯವಲ್ಲ.

ಅಳತೆಯ ವಿಧಾನಕ್ಕೂ ಇದೇ ಆಕ್ಷೇಪ ಸಲ್ಲುತ್ತದೆ. ಸಂಜ್ಞೆ ಹರಿಯುತ್ತಿದೆಯೆಂಬುದಕ್ಕೆ ಗುರುತು ಪ್ರೋಟೀನಿಗೆ ಅಂಟಿದ ಫಾಸ್ಫೇಟ್. ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳ ಕಟ್ಟಿದ ಕ್ಷಣದಿಂದ ತುಣುಕು ಹೆಪ್ಪುಗಟ್ಟುವವರೆಗಿನ ಅವಧಿಯಲ್ಲೇ ಅದು ಬದಲಾಗಬಲ್ಲದು, ಆದರೂ ಆ ಅವಧಿಯನ್ನು ದಾಖಲಿಸದ ಅಧ್ಯಯನಗಳು ಕಡಿಮೆಯೇನಲ್ಲ. ಹೋಲಿಕೆಗೆಂದು ಬಳಸುವ ಆರೋಗ್ಯವಂತ ಗ್ರಂಥಿಯಲ್ಲೂ ಹೊರಪದರದ ಮೂರು ವಲಯಗಳು ಮತ್ತು ಒಳತಿರುಳು ಬೆರೆತಿರುತ್ತವೆ. ಹಾಗಿರುವಾಗ ಇಂತಿಷ್ಟು ಪಟ್ಟು ಹೆಚ್ಚಳವೆಂಬ ಮಾತು ಯಾವುದಕ್ಕೆ ಹೋಲಿಸಿ ಆಡಿದ್ದೆಂಬುದೇ ಅಸ್ಪಷ್ಟವಾಗುತ್ತದೆ.

ಕೆಟ್ಟ ಸಂಜ್ಞೆಯನ್ನು ಗುರಿಯಾಗಿಸುವ ಆಲೋಚನೆಯೇ ತಪ್ಪೆಂದು ಇದರಿಂದ ತೀರ್ಮಾನಿಸಲಾಗದು. ಒಳತಿರುಳಿನ ಕೆಲವು ಫಿಯೊಕ್ರೊಮೊಸೈಟೋಮಾ ಗೆಡ್ಡೆಗಳಲ್ಲಿ ವಿಎಚ್‌ಎಲ್ ಪ್ರೋಟೀನು ನಷ್ಟವಾದಾಗ, ನಾಶವಾಗಬೇಕಿದ್ದ ಎಚ್‌ಐಎಫ್-2 ಆಲ್ಫಾ ಉಳಿದುಕೊಂಡು ಗೆಡ್ಡೆಯನ್ನು ಬೆಳೆಸುತ್ತದೆಂಬುದು ಮೊದಲು ಸ್ಥಿರಪಟ್ಟಿತು. ಆ ಪ್ರೋಟೀನನ್ನೇ ತಡೆಯುವ ಬೆಲ್ಜುಟಿಫಾನ್‌ಗೆ ಮುಂದುವರಿದ ಫಿಯೊಕ್ರೊಮೊಸೈಟೋಮಾಕ್ಕಾಗಿ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ. ಹೊರಪದರದ ಕ್ಯಾನ್ಸರಿಗಾದರೋ, ಶಸ್ತ್ರಚಿಕಿತ್ಸೆಯ ಜೊತೆಗೆ ಮುಖ್ಯ ಔಷಧವಾಗಿ ಇಂದಿಗೂ ಬಳಕೆಯಲ್ಲಿರುವುದು, ಯಾವ ಸಂಜ್ಞಾ ಪ್ರೋಟೀನಿನ ಅಧ್ಯಯನದಿಂದಲೂ ಹುಟ್ಟದ, ಡಿಡಿಟಿ ಕೀಟನಾಶಕದ ರಾಸಾಯನಿಕ ಕುಟುಂಬಕ್ಕೆ ಸೇರಿದ, 1970ರಲ್ಲಿ ಅಮೆರಿಕದಲ್ಲಿ ಮಂಜೂರಾದ ಮೈಟೊಟೇನ್.